ತಲೆಗಂದಾಯವನ್ನು ಕೊಡದ ಥೋರೋ

ಹೊಸಪೇಟೆಯಿಂದ ಹಂಪೆಗೆ ಹೋದ ಯಾತ್ರಿಕನ ದೃಷ್ಟಿ ಅರಸರ ಕಟ್ಟಡಗಳ ಮೇಲೆ ನಿಲ್ಲುವುದು ಸಹಜ. ಆ ವೈಭವಕ್ಕೆ ತೆರಿಗೆ ತೆತ್ತವರಾರು, ತೆರಲೊಲ್ಲೆವೆಂದವರೂ ಇದ್ದರೇ ಎಂದು ಕೇಳುವವರು ವಿರಳ. ಇದ್ದರು. ಇಮ್ಮಡಿ ದೇವರಾಯನ ಕಾಲದಲ್ಲಿ, 1429ರಲ್ಲಿ, ರಾಜ್ಯದ ತಮಿಳು ಸೀಮೆಯ ಬಲಗೈ ಎಡಗೈ ಪಂಗಡದವರು ಒಂದಾಗಿ, ಅಧಿಕಾರಿಗಳ ಅನ್ಯಾಯದ ತೆರಿಗೆಗಳನ್ನು ಕೊಡೆವೆಂದು ಕಲ್ಲಿನಲ್ಲಿ ಬರೆಸಿದರು.

ನಾಲ್ಕು ಶತಮಾನಗಳ ತರುವಾಯ ಅಂಥದೇ ಮಾತನ್ನು ಅಮೆರಿಕದಲ್ಲಿ ಒಬ್ಬ ಮನುಷ್ಯನು ಒಂಟಿಯಾಗಿ ಆಡಿದನು. ಹೆನ್ರಿ ಡೇವಿಡ್ ಥೋರೋ 1817ರಲ್ಲಿ ಕಾಂಕರ್ಡ್ ಎಂಬ ಊರಿನಲ್ಲಿ ಹುಟ್ಟಿದನು. ಮನೆಯ ಕಸುಬು ಸೀಸದ ಕಡ್ಡಿಗಳ ತಯಾರಿಕೆ. ಹಾರ್ವರ್ಡಿನಲ್ಲಿ ಓದಿದರೂ ಪದವಿಯ ಬೆನ್ನು ಹತ್ತಲಿಲ್ಲ. 1845ರ ಜುಲೈ 4ರಂದು ವಾಲ್ಡನ್ ಕೊಳದ ದಡದಲ್ಲಿ, ಇಪ್ಪತ್ತೆಂಟು ಡಾಲರಿಗೆ ತುಸು ಮೇಲ್ಪಟ್ಟ ವೆಚ್ಚದಲ್ಲಿ ತಾನೇ ಕಟ್ಟಿದ ಗುಡಿಸಿಲನ್ನು ಸೇರಿ, ಎರಡು ವರ್ಷಕ್ಕೂ ಮಿಕ್ಕು ಅಲ್ಲಿದ್ದನು. ಅವನು ಓದುತ್ತಿದ್ದ ಪುಸ್ತಕಗಳಲ್ಲಿ ವಿಲ್ಕಿನ್ಸನು ಇಂಗ್ಲಿಷಿಗೆ ತಂದ ಭಗವದ್ಗೀತೆಯೂ ಒಂದು.

ಆಗ ಆ ದೇಶದಲ್ಲಿ ಗುಲಾಮಗಿರಿಯಿತ್ತು. 1846ರಲ್ಲಿ ಮೆಕ್ಸಿಕೋದ ಮೇಲೆ ಯುದ್ಧವೂ ಮೊದಲಾಯಿತು. ಮನುಷ್ಯರನ್ನು ಮಾರುವ ಸರಕಾರಕ್ಕೆ ತಲೆಗಂದಾಯ ಕೊಡೆನೆಂದು ಥೋರೋ ಕೆಲವು ವರ್ಷಗಳಿಂದ ಹಟ ಹಿಡಿದಿದ್ದನು. ರಸ್ತೆಯ ತೆರಿಗೆಯನ್ನು ಮಾತ್ರ ಕೊಡುತ್ತಿದ್ದನು. ನೆರೆಯವರಿಗೆ ಉಪಕಾರವಾಗುವುದನ್ನು ಅವನು ನಿರಾಕರಿಸಿದವನಲ್ಲ. ಆ ಜುಲೈ ತಿಂಗಳಲ್ಲಿ ಒಂದು ದಿನ ದುರಸ್ತಿಗೆ ಕೊಟ್ಟಿದ್ದ ಪಾದರಕ್ಷೆಯನ್ನು ತರಲು ಊರೊಳಕ್ಕೆ ಬಂದವನನ್ನು ಸೆರೆಮನೆಗೆ ಹಾಕಿದರು. ಯಾರೋ ಹಣ ಕಟ್ಟಿಬಿಟ್ಟುದರಿಂದ ಮರುದಿನವೇ ಬಿಡುಗಡೆಯಾಯಿತು. ಅವನು ಪಾದರಕ್ಷೆಯನ್ನು ತೆಗೆದುಕೊಂಡು, ಕಾಡುಹಣ್ಣು ಬಿಡಿಸುವವರ ಗುಂಪಿನೊಡನೆ ಬೆಟ್ಟಕ್ಕೆ ಹೋದನು!

ಈ ಒಂದು ರಾತ್ರಿಯ ಫಲ 1849ರಲ್ಲಿ ಅಚ್ಚಾದ ಪ್ರಬಂಧ. ಬಹುಮತಕ್ಕೆ ಬಲವುಂಟು, ಆದರೆ ಬಲವೇ ನ್ಯಾಯವಲ್ಲ. ಲೋಕದ ಕೇಡನ್ನೆಲ್ಲ ತಿದ್ದುವ ಹೊಣೆ ಒಬ್ಬನದಲ್ಲದಿದ್ದರೂ ಆ ಕೇಡಿಗೆ ತನ್ನ ಕೈಯನ್ನು ಕೊಡದಿರುವ ಹೊಣೆ ಪ್ರತಿಯೊಬ್ಬನದು: ಇದು ಅದರ ತಾತ್ಪರ್ಯ. ಗಾಂಧಿಯವರು 1907ರಲ್ಲಿ ದಕ್ಷಿಣ ಆಫ್ರಿಕದ ತಮ್ಮ ಪತ್ರಿಕೆಯಲ್ಲಿ ಇದನ್ನು ಪರಿಚಯಿಸಿದರು. ಸತ್ಯಾಗ್ರಹವೇ ಇದರಿಂದ ಹುಟ್ಟಿತೆಂಬುದು ಸರಿಯಲ್ಲ. ಅಲ್ಲಿನ ಹೋರಾಟ ಅದಕ್ಕೆ ಮೊದಲೇ ತೊಡಗಿತ್ತು.

ಥೋರೋವಿಗೆ ಹೆಂಡತಿ ಮಕ್ಕಳಿರಲಿಲ್ಲ, ಹರಾಜಿಗೆ ಹೋಗುವ ಹೊಲವೂ ಇರಲಿಲ್ಲ. ಆಸ್ತಿ ಸಂಸಾರಗಳುಳ್ಳ ನೆರೆಯವರು ಅಂಜುವುದು ಅದಕ್ಕಾಗಿಯೇ ಎಂದು ಅವನೇ ಬರೆದಿದ್ದಾನೆ. ಆ ತೊಡಕನ್ನು ನಿಜವಾಗಿ ಎದುರಿಸಿದವರು ನಮ್ಮವರು. 1930ರಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದ ಕಾಮರಾಜರು ಹೊಸಪೇಟೆಗೆ ಸಮೀಪದ ಬಳ್ಳಾರಿಯಲ್ಲಿ, ಅಲೀಪುರದ ಸೆರೆಮನೆಯಲ್ಲಿ, ಇದ್ದುದು ಒಂದು ರಾತ್ರಿಯಲ್ಲ, ತಿಂಗಳುಗಟ್ಟಲೆ. 1932ರ ಸುಮಾರಿನಲ್ಲಿ ಅಂಕೋಲೆ, ಸಿದ್ದಾಪುರ, ಹಿರೇಕೆರೂರುಗಳ ರೈತರು ಕಂದಾಯವನ್ನು ನಿಲ್ಲಿಸಿದಾಗ ಹೊಲ, ತೋಟ, ದನಕರುಗಳು ಜಪ್ತಿಯಾದುವು. ಸಿದ್ದಾಪುರ ಸೀಮೆಯ ಮಾವಿನಗುಂಡಿಯಲ್ಲಿ ಹೆಂಗಸರು, ಹರಾಜಿನಲ್ಲಿ ಆಸ್ತಿ ಕೊಂಡವರ ಬಾಗಿಲ ಮುಂದೆ ಉಪವಾಸ ಕುಳಿತರು. ಸರಕಾರವನ್ನಲ್ಲ, ನೆರೆಯವನನ್ನೇ ಅವರು ಕೇಳುತ್ತಿದ್ದುದು: ಈ ಅನ್ಯಾಯಕ್ಕೆ ನೀನೇಕೆ ಕೈ ಕೊಟ್ಟೆ? ಕಾಂಕರ್ಡಿನ ಪ್ರಬಂಧವನ್ನು ಅವರು ಓದಿರಲಿಲ್ಲ. ಮಳೆಗಾಲದ ಮಲೆನಾಡಿನ ಚಳಿಯಲ್ಲಿ ಅಂಗಳದಲ್ಲಿ ಕುಳಿತೇ ಇದ್ದರು.