ಗಾಳಿಗೆ ಎದುರಾಗಿ ಹರಿಯುವ ನೀರು

ಆನೆಕೊಂಡದಿಂದ ಕಡಲು ದೂರ. ನಡುವೆ ಮಲೆನಾಡಿದೆ, ಸಹ್ಯಾದ್ರಿಯ ಗೋಡೆಯಿದೆ. ಆದರೂ ಶ್ರಾವಣದಲ್ಲಿ ಇಲ್ಲಿನ ಕಾರಣಿಕದ ನುಡಿ ಕೇಳಲು ನೆರೆಯುವ ರೈತನ ಮನದ ಪ್ರಶ್ನೆಗೆ, ಮಳೆ-ಬೆಳೆ ಹೇಗೆಂಬುದಕ್ಕೆ, ಉತ್ತರದ ಒಂದು ಪಾಲು ಕಡಲಿನಲ್ಲಿದೆ. ಕಡಲಿನ ಚರಿತ್ರೆ ಕರಾವಳಿಯವರ ಸ್ವತ್ತೆಂದು ಬಯಲುಸೀಮೆಯವರಾದ ನಾವು ಸುಮ್ಮನಿರುವುದು ತರವಲ್ಲ.

'ಮಾನ್ಸೂನ್' ಎಂಬುದು ಋತುವೆಂಬ ಅರ್ಥದ 'ಮೌಸಿಮ್' ಎಂಬ ಅರಬ್ಬಿ ಪದದಿಂದ ಬಂದುದು. ಹಿಪ್ಪಾಲಸನೆಂಬ ನಾವಿಕನು ನಡುಗಡಲನ್ನು ನೇರವಾಗಿ ದಾಟುವ ಮಾರ್ಗವನ್ನು ಕಂಡನೆಂದು ಮೊದಲ ಶತಮಾನದ ಗ್ರೀಕ್ ಗ್ರಂಥ 'ಪೆರಿಪ್ಲಸ್' ಹೇಳುತ್ತದೆ. 12ನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಓಲೆಗಳೂ ಸರಕೂ ಏಡನ್ನಿಗೆ ಹೋಗಿಬಂದದ್ದು ಇದೇ ಗಾಳಿಯನ್ನು ನಂಬಿ.

ಗಾಳಿ ತಿರುಗಿದರೆ ನೀರೂ ತಿರುಗುತ್ತದೆ. ಶ್ರೀಲಂಕೆಯ ದಕ್ಷಿಣಕ್ಕೆ ಬೇಸಗೆಯ ಮಾನ್ಸೂನಿನಲ್ಲಿ ಪ್ರವಾಹ ಪೂರ್ವಕ್ಕೆ, ಚಳಿಗಾಲದಲ್ಲಿ ಪಶ್ಚಿಮಕ್ಕೆ. ಅಟ್ಲಾಂಟಿಕ್, ಪೆಸಿಫಿಕ್‌ಗಳಲ್ಲಿ ಇಂತಹ ದೊಡ್ಡ ತಿರುವು ಕಾಣದು. ಆದರೆ ನಮ್ಮ ಪಶ್ಚಿಮ ಕರಾವಳಿಯಲ್ಲಿ ಒಂದು ಒಗಟಿತ್ತು. ಚಳಿಗಾಲದಲ್ಲಿ ಅಲ್ಲಿನ ನೀರು ಗಾಳಿಗೆ ಎದುರಾಗಿ ಉತ್ತರಕ್ಕೆ ಹರಿಯುತ್ತದೆ. ಬೀಸುವ ಗಾಳಿ ನೂಕದಿದ್ದರೆ ನೂಕಿದವರು ಯಾರು?

1960ರ ದಶಕದ ಅಂತರರಾಷ್ಟ್ರೀಯ ಹಿಂದೂ ಮಹಾಸಾಗರ ಯಾನವು ಅಳತೆಗಳ ರಾಶಿಯನ್ನೇ ತಂದಿತು. ಅದರ ಫಲವಾಗಿ 1966ರಲ್ಲಿ ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು. ದೂರದ ಗಾಳಿಯ ಪೆಟ್ಟು ಅಲೆಯಾಗಿ ಸಾಗಿ ಬೇರೆಡೆಯ ಪ್ರವಾಹವನ್ನು ಎಬ್ಬಿಸಬಲ್ಲುದೆಂದು 1969ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಲೈಟ್‌ಹಿಲ್ ಸೋಮಾಲಿ ಪ್ರವಾಹವನ್ನು ಕುರಿತು ವಾದಿಸಿದ. ಮುಂದೆ ಗಣಕಯಂತ್ರದೊಳಗೆ ಸಾಗರದ ಸಮೀಕರಣಗಳನ್ನು ಹೂಡಿ, ಒಂದೊಂದು ಸೀಮೆಯ ಗಾಳಿಯನ್ನು ಬೇರೆಬೇರೆಯಾಗಿ ಬೀಸಿಸಿ ನೋಡಿದರು. 1993ರಲ್ಲಿ ಮೆಕ್‌ಕ್ರಿಯರಿ ಮತ್ತು ಸಂಗಡಿಗರ ಮಾದರಿ ಒಗಟನ್ನು ಬಿಡಿಸಿತು. ಬಂಗಾಳ ಕೊಲ್ಲಿಯ ಗಾಳಿ ಎಬ್ಬಿಸಿದ ಅಲೆ ಶ್ರೀಲಂಕೆಯನ್ನು ಬಳಸಿ, ದಡವನ್ನು ಅಂಟಿಕೊಂಡೇ ನಮ್ಮ ಕರಾವಳಿಗೆ ಬರುತ್ತದೆ. ಕೊಲ್ಲಿಯ ಸಪ್ಪೆ ನೀರೂ ಕರ್ನಾಟಕದ ತೀರದವರೆಗೆ ಬರುತ್ತದೆ.

ಮಳೆಗಾಲದಲ್ಲಿ ವ್ಯವಹಾರ ತಿರುಗುಮುರುಗು. ಅರಬ್ಬೀ ಸಮುದ್ರದ ಉಪ್ಪು ಹೆಚ್ಚಿದ ನೀರು ಕೊಲ್ಲಿಯನ್ನು ಹೊಕ್ಕು, ಹಗುರವಾದ ಸಪ್ಪೆ ನೀರಿನ ಅಡಿಗೆ ಸರಿಯುತ್ತದೆ. 2016ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿನಯಚಂದ್ರನ್ ಅವರ ಮುಂದಾಳ್ತನದಲ್ಲಿ 'ಸಿಂಧು ಸಾಧನ' ಹಡಗು ಇದನ್ನೇ ಅಳೆಯಲು ಹೊರಟಿತು. ಕೊಲ್ಲಿಯ ಮೇಲ್ಪದರ ಬೆಚ್ಚಗಿದ್ದರೆ ವಾಯುಭಾರ ಕುಸಿತಗಳಿಗೆ ಬಲ. ಅವು ಒಳನಾಡಿಗೆ ನಡೆದರೆ ಮಾನ್ಸೂನಿಗೆ ಜೀವ.

ಕಾರಣಿಕದ ನುಡಿ ಒಂದು ಸಾಲಿನದು, ಅರ್ಥ ಹೇಳುವವರು ಹಲವರು. ವಿಜ್ಞಾನದ ನುಡಿಯೂ ಪೂರ್ಣವಿರಾಮವನ್ನು ಕಂಡಿಲ್ಲ. ಆದರೆ ಅದು ಒಂದನ್ನು ಸ್ಪಷ್ಟವಾಗಿ ಕಲಿಸಿದೆ: ಕಣ್ಣೆದುರಿನ ಹರಿವಿಗೆ ಕಾರಣ ಕಣ್ಣೆದುರೇ ಇರಬೇಕಾಗಿಲ್ಲ. ಚರಿತ್ರೆಯನ್ನು ಓದುವವರಿಗೂ ಇದು ಸಲ್ಲುವ ಪಾಠವೆಂದು ನಾನು ನಂಬಿದ್ದೇನೆ.