ಒಡ್ಡಿನಿಂದ ಹುಟ್ಟಿದ ತಿಟ್ಟುಗಳು

ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟಿನಲ್ಲಿ ದೋಣಿ ಹತ್ತಿದವರಿಗೆ ಕಾವೇರಿಯ ನಡುವೆ ಪುಟ್ಟ ಪುಟ್ಟ ದ್ವೀಪಗಳು ಕಾಣುತ್ತವೆ. ಬಂಡೆಯ ಮೇಲೆ ಬಾಯ್ದೆರೆದು ಮಲಗಿದ ಮೊಸಳೆ, ಬಿದಿರು ಮೆಳೆಗಳ ಮೇಲೆ ಒತ್ತೊತ್ತಾಗಿ ಕಟ್ಟಿದ ಗೂಡುಗಳು, ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚ ಕೊಕ್ಕಿನ ಹಕ್ಕಿ, ಬೆಳ್ಳಕ್ಕಿಗಳ ಗದ್ದಲ. ಇದು ಮನುಷ್ಯನ ಕೈ ಸೋಕದೆ ಉಳಿದುಕೊಂಡ ಜಾಗ ಎಂದು ನಂಬಲು ಇಷ್ಟು ಸಾಕು. ಆದರೆ ಈ ತಿಟ್ಟುಗಳನ್ನು ಮಾಡಿದ್ದು ನದಿಯೊಂದೇ ಅಲ್ಲ. ಮೈಸೂರಿನ ಅರಸ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಕಾವೇರಿಗೆ ಅಡ್ಡಲಾಗಿ ಒಂದು ಒಡ್ಡು ಎದ್ದಿತು. ನೀರು ಹರಡಿ ನಿಂತಿತು, ಎತ್ತರದ ನೆಲವಷ್ಟೇ ಅಲ್ಲಲ್ಲಿ ಮೇಲುಳಿಯಿತು. ನಾಯಿ ನರಿಗಳ ಕಾಲು ಸುಲಭಕ್ಕೆ ತಲುಪದ ಆ ನೆಲದಲ್ಲಿ ಹಕ್ಕಿಗಳು ಗೂಡು ಹೂಡಿದವು. ಒಡ್ಡು ಕಟ್ಟಿಸಿದವರ ಮನಸ್ಸಿನಲ್ಲಿದ್ದದ್ದು ನಾಲೆ ಮತ್ತು ಗದ್ದೆ. ಕೊಕ್ಕರೆಯ ಯೋಚನೆ ಯಾರಿಗೂ ಇದ್ದಿರಲಾರದು. ನಮ್ಮ ಕಡೆಯ ಹಳೆಯ ಪಕ್ಷಿಧಾಮಗಳಲ್ಲಿ ಹಲವು ಹೀಗೆ ನೀರಾವರಿಯ ಮಕ್ಕಳು. ಅವುಗಳಿಗೆ ಬೇಲಿ ಹಾಕಿ ಕಾಯ್ದರಷ್ಟೇ ಸಾಲದು, ಹೆತ್ತ ನೀರು ಮತ್ತು ಸಾಕಿದ ಗದ್ದೆಗಳನ್ನೂ ಕಾಯಬೇಕು ಎಂಬುದು ನನ್ನ ವಾದ.

ಕಾಡಿನ ಅಭಯಾರಣ್ಯಗಳ ಕತೆ ಬೇರೆ. ಬಂಡೀಪುರ ಮೈಸೂರು ಅರಸರ ಬೇಟೆಯ ಕಾಡಾಗಿತ್ತು. 1931ರಲ್ಲಿ ಅಲ್ಲಿ ವನ್ಯಧಾಮವಾಯಿತು, 1973ರಲ್ಲಿ ಹುಲಿ ಯೋಜನೆ ಬಂತು. ಬೇರೆಯವರನ್ನು ಹೊರಗಿಟ್ಟು ಅರಸನಿಗೆ ಮೀಸಲಿಟ್ಟ ಕಾಡು ಮುಂದೆ ಹುಲಿಗೆ ಮೀಸಲಾಯಿತು. ಅಲ್ಲಿ ಗಡಿಯೇ ಕಾವಲಿನ ಜೀವ. ಸಂರಕ್ಷಣೆ ಅಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಈ ಮಾದರಿ, ಅದನ್ನೇ ತಂದು ಕೆರೆ ಹೊಳೆಗಳ ಮೇಲೂ ಹೊದಿಸುತ್ತೇವೆ. ತಮಿಳುನಾಡಿನ ವೇಡಂತಾಂಗಲ್ ಮಾತ್ರ ಇನ್ನೊಂದು ದಾರಿ ತೋರಿಸುತ್ತದೆ. ಅದು ಊರಿನ ಏರಿ, ಅಂದರೆ ನಮ್ಮ ಕೆರೆಯೇ. ಬಿಳಿಯ ಸಿಪಾಯಿಗಳು ಅಲ್ಲಿ ಹಕ್ಕಿಗಳನ್ನು ಗುಂಡಿಕ್ಕಿ ಕೊಲ್ಲುತ್ತಿದ್ದಾರೆಂದು ರೈತರು ದೂರು ಕೊಟ್ಟರು. 1798ರಲ್ಲಿ ಚೆಂಗಲ್‌ಪಟ್ಟಿನ ಕಲೆಕ್ಟರ್ ಲಯೊನೆಲ್ ಪ್ಲೇಸ್ ಹಕ್ಕಿಗಳ ರಕ್ಷಣೆಗೆ ಕೌಲುಪತ್ರ ಬರೆದುಕೊಟ್ಟ. ರೈತರಿಗೆ ಹಕ್ಕಿಯ ಮೇಲೆ ಮರುಕ ಇದ್ದಿರಬಹುದು, ಜೊತೆಗೆ ಲೆಕ್ಕಾಚಾರವೂ ಇತ್ತು: ಹಿಕ್ಕೆ ಬೆರೆತ ಕೆರೆಯ ನೀರು ಹಾಯ್ದ ಗದ್ದೆಯಲ್ಲಿ ಭತ್ತ ಚೆನ್ನಾಗಿ ಬರುತ್ತಿತ್ತು. ವನ್ಯಜೀವಿ ಕಾಯ್ದೆ ಬರುವುದಕ್ಕೆ ಒಂದೂಮುಕ್ಕಾಲು ಶತಮಾನ ಮೊದಲೇ, ಬೇಟೆಯ ಶೋಕಿಯಿಂದಲ್ಲ, ಬೇಸಾಯದ ಹಿತದಿಂದ ಹುಟ್ಟಿದ ಸಂರಕ್ಷಣೆ ಇದು.

ಹಾಗಾದರೆ ಸರ್ಕಾರದ ಆದೇಶ, ಅಧಿಸೂಚನೆಗಳೆಲ್ಲ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ವೇಡಂತಾಂಗಲ್‌ನ ರೈತರಿಗೂ ಕಡೆಗೆ ಕಲೆಕ್ಟರನ ಮುದ್ರೆಯೇ ಬೇಕಾಯಿತು. ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಾಗ ರಂಗನತಿಟ್ಟಿನ ಗೂಡುಗಳ ಮಹತ್ವವನ್ನು ಗುರುತಿಸಿದರು. ಅವರು ಒತ್ತಾಯಿಸಿದ್ದರಿಂದ ಅರಸರ ಸರ್ಕಾರ 1940ರಲ್ಲಿ ಅದನ್ನು ಪಕ್ಷಿಧಾಮವೆಂದು ಸಾರಿತು. ಆ ಆದೇಶ ಬಾರದಿದ್ದರೆ, ಮೈಸೂರಿಗೂ ಬೆಂಗಳೂರು ರಸ್ತೆಗೂ ಇಷ್ಟು ಹತ್ತಿರವಿರುವ ಈ ಜಾಗ ಕೋವಿಗೋ ಕಟ್ಟಡಕ್ಕೋ ಸಿಕ್ಕಿಬಿಡುತ್ತಿತ್ತು. ಆದರೂ ಆದೇಶ ಕಾದದ್ದು ಎಷ್ಟು ನೆಲವನ್ನು? ಸುಮಾರು 67 ಹೆಕ್ಟೇರ್, ಅಂದರೆ ಒಬ್ಬ ದೊಡ್ಡ ಜಮೀನುದಾರನ ಹಿಡುವಳಿಯಷ್ಟು. ಸಾವಿರಾರು ಕೊಕ್ಕರೆಗಳ, ಅವುಗಳ ಮರಿಗಳ ಹೊಟ್ಟೆ ಇಷ್ಟರಲ್ಲೇ ತುಂಬುವುದು ಸಾಧ್ಯವಿಲ್ಲ. ಬಾಯಿಕಳಕಕ್ಕೆ ಬಸವನಹುಳು ಬೇಕು, ಅದು ನೀರು ನಿಂತ ಗದ್ದೆಯಲ್ಲಿ ಸಿಗುತ್ತದೆ. ಬಣ್ಣದ ಕೊಕ್ಕರೆಗೂ ಹೆಜ್ಜಾರ್ಲೆಗೂ ಮೀನು ಬೇಕು, ಅದಕ್ಕೆ ಸುತ್ತಲಿನ ಕೆರೆಗಳಿವೆ. ತಿಟ್ಟು ಈ ಹಕ್ಕಿಗಳಿಗೆ ಬಾಣಂತಿ ಕೋಣೆ. ಅಡುಗೆಮನೆ ಇರುವುದು ಮೈಲಿಗಟ್ಟಲೆ ಆಚೆ, ರೈತರ ಜಮೀನಿನಲ್ಲಿ. ದೋಣಿಯ ಟಿಕೆಟ್ ತೋರಿಸುವುದು ಕೋಣೆಯನ್ನು ಮಾತ್ರ.

ಇಲ್ಲಿ ಎದುರಾಗುವ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಒಡ್ಡು ಕಟ್ಟಿದ್ದರಿಂದ ಹಕ್ಕಿ ಬಂತು ಎನ್ನುವುದಾದರೆ, ಇನ್ನಷ್ಟು ಅಣೆಕಟ್ಟು ಕಟ್ಟಿದರೆ ಇನ್ನಷ್ಟು ಹಕ್ಕಿ ಬರುತ್ತದಲ್ಲ? ನೀರಾವರಿ ಕಾಮಗಾರಿಗಳನ್ನೆಲ್ಲ ಪರಿಸರದ ಹೆಸರಿನಲ್ಲಿ ಸಮರ್ಥಿಸಲು ಈ ಮಾತು ಬಳಕೆಯಾಗುವ ಅಪಾಯವಿದೆ. ಉತ್ತರಕ್ಕೆ ಬಹಳ ದೂರ ಹೋಗಬೇಕಿಲ್ಲ, ತಿಟ್ಟಿನಿಂದ ಸ್ವಲ್ಪ ಮೇಲಕ್ಕೆ, ಕೃಷ್ಣರಾಜಸಾಗರ ಅಣೆಕಟ್ಟೆಯಿರುವ ಕನ್ನಂಬಾಡಿಗೆ ಹೋದರೆ ಸಾಕು. ಹಳೆಯ ಒಡ್ಡು ನದಿಯನ್ನು ತಡೆದು ನಿಲ್ಲಿಸುವಂಥದ್ದಲ್ಲ. ಬೇಕಾದಷ್ಟನ್ನು ನಾಲೆಗೆ ತಿರುಗಿಸಿ, ಮಿಕ್ಕದ್ದು ತನ್ನ ಮೇಲೆಯೇ ಉಕ್ಕಿ ಹೋಗಲು ಬಿಡುತ್ತಿತ್ತು. 1911ರಲ್ಲಿ ಕೆಲಸ ಶುರುವಾದ ಕೃಷ್ಣರಾಜಸಾಗರದ ಗಾತ್ರವೇ ಬೇರೆ. ಅದರ ಗೇಟುಗಳು ಎತ್ತಿದಷ್ಟು ತಿಟ್ಟಿಗೆ ನೀರು. ಜಲಾಶಯ ತುಂಬಿ ಒಮ್ಮೆಲೇ ಹೊರಬಿಟ್ಟ ವರ್ಷಗಳಲ್ಲಿ ರಂಗನತಿಟ್ಟಿನಲ್ಲಿ ದೋಣಿ ನಿಲ್ಲುತ್ತದೆ, ತಗ್ಗಿನ ಗೂಡುಗಳು ಮುಳುಗುತ್ತವೆ, ದ್ವೀಪದ ಮಣ್ಣು ಕೊಚ್ಚಿಹೋಗುತ್ತದೆ. ಅರಣ್ಯ ಇಲಾಖೆ ಮರಳಿನ ಮೂಟೆ ಜೋಡಿಸಿ ದಡ ಕಟ್ಟಬೇಕಾಗುತ್ತದೆ. ಅದೇ ಜಲಾಶಯದ ನಾಲೆ, ಮೊದಲು ಇರ್ವಿನ್ ನಾಲೆ, ಈಗ ವಿಶ್ವೇಶ್ವರಯ್ಯ ನಾಲೆ, ಮಂಡ್ಯದ ಒಣಬಯಲಿಗೆ ನೀರು ತಂದು ಹಕ್ಕಿಗಳ ಮೇವಿನ ನೆಲವನ್ನು ಹಿಗ್ಗಿಸಿತು ಎಂಬುದೂ ನಿಜ. ಒಂದು ಕೈಯಲ್ಲಿ ಕೊಟ್ಟದ್ದನ್ನು ಇನ್ನೊಂದು ಕೈ ಕಿತ್ತುಕೊಳ್ಳಬಲ್ಲದು. ಹಾಗಾಗಿ ಅಣೆಕಟ್ಟು ಹಕ್ಕಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಜಗಳವಾಡುವುದಕ್ಕಿಂತ, ನೀರನ್ನು ಯಾವಾಗ, ಎಷ್ಟು, ಎಷ್ಟು ವೇಗದಲ್ಲಿ ಬಿಡುತ್ತೇವೆ ಎಂದು ಕೇಳುವುದು ಮೇಲು.

ಗದ್ದೆಯೂ ಸಂರಕ್ಷಣೆಯ ನೆಲ ಎಂದರೆ ರೈತ ಬೆಚ್ಚಿಬೀಳುವುದು ಸಹಜ. ಇವತ್ತು ಹಕ್ಕಿ ಎನ್ನುತ್ತಾರೆ, ನಾಳೆ ಬೋರು ಕೊರೆಯಬೇಡ, ಮನೆ ಕಟ್ಟಬೇಡ ಎನ್ನುತ್ತಾರೆ ಎಂಬ ಭಯ ಪೊಳ್ಳಲ್ಲ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರು ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆ ಗೂಡು ಕಟ್ಟುವುದು ಊರೊಳಗೆ, ಮನೆಯಂಗಳದ ಹುಣಸೆ ಮರಗಳ ಮೇಲೆ. ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಬಂದಿದ್ದಾರೆ ಎಂದೇ ಊರವರು ಹೇಳುವುದು. ಈ ಮಾತನ್ನು ಉಲ್ಲೇಖಿಸಿ ಕಣ್ಣೊರೆಸಿಕೊಂಡು ಮುಂದೆ ಹೋಗುವ ಲೇಖನಗಳು ಬೇಕಾದಷ್ಟಿವೆ, ಹುಣಸೆಹಣ್ಣಿನ ಲೆಕ್ಕ ಹಾಕುವವರು ಕಡಿಮೆ. ಗೂಡಿರುವ ಮರದ ಫಸಲನ್ನು ಮಾಲೀಕ ಬಿಡಿಸುವಂತಿಲ್ಲ. ಬೇಸಾಯಕ್ಕೆ ಹಿಕ್ಕೆ ಗೊಬ್ಬರವೇ ದೊಡ್ಡದಾಗಿದ್ದ ಕಾಲದಲ್ಲಿ ಆ ನಷ್ಟ ತುಂಬಿ ಬರುತ್ತಿತ್ತು. ಅಂಗಡಿಯ ಗೊಬ್ಬರ ಬಂದಮೇಲೆ ತುಂಬಲಿಲ್ಲ, ಮರಗಳಿಗೆ ಕೊಡಲಿ ಬೀಳತೊಡಗಿತು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರು 1976ರಲ್ಲಿ ಈ ಊರಿನತ್ತ ಇಲಾಖೆಯ ಗಮನ ಸೆಳೆದರು. ಗೂಡಿರುವ ಮರಗಳಿಗೆ ಪರಿಹಾರ ಕೊಡುವ ಪದ್ಧತಿ ಬಂತು. 2002ರ ತಿದ್ದುಪಡಿ ಸಮುದಾಯ ಮೀಸಲು ಎಂಬ ಹೊಸ ಬಗೆಯನ್ನು ವನ್ಯಜೀವಿ ಕಾಯ್ದೆಗೆ ಸೇರಿಸಿತು, 2007ರಲ್ಲಿ ಬೆಳ್ಳೂರು ಆ ಪಟ್ಟಿಗೆ ಸೇರಿತು. ಇದರಲ್ಲಿ ನೆಲ ಜನರದ್ದೇ, ಒಪ್ಪಿಗೆಯೂ ಜನರದ್ದೇ. ಅರ್ಧ ಉತ್ತರ ಎಂದದ್ದೇಕೆಂದರೆ, ಬೆಳ್ಳೂರಿನ ಏರ್ಪಾಡು ಕಾಯುವುದು ಗೂಡಿನ ಮರವನ್ನು ಮಾತ್ರ. ಹೆಜ್ಜಾರ್ಲೆ ಮೀನು ಹಿಡಿಯುವ ಕೆರೆಗೆ ಯಾವ ಪರಿಹಾರವೂ ಇಲ್ಲ, ಕಾವಲೂ ಇಲ್ಲ.

ಗಡಿಯ ಹೊರಗಿನ ನೆಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಪ್ರಯತ್ನ ನಡೆದೇ ಇಲ್ಲ ಎನ್ನಲಾಗದು. ವೇಡಂತಾಂಗಲ್‌ನಲ್ಲಿ 1998ರ ಅಧಿಸೂಚನೆ ಕೆರೆಯ ಸುತ್ತಲಿನ 5 ಕಿಲೋಮೀಟರನ್ನೂ ಧಾಮದೊಳಗೆ ಸೇರಿಸಿತು; 2020ರಲ್ಲಿ ಅದನ್ನು 3ಕ್ಕೆ ಇಳಿಸುವ ಪ್ರಸ್ತಾವ ಬಂದಾಗ ಬಲವಾದ ವಿರೋಧ ಎದ್ದಿತು. 2022ರಲ್ಲಿ ರಂಗನತಿಟ್ಟು ಕರ್ನಾಟಕದ ಮೊದಲ ರಾಮ್ಸಾರ್ ತಾಣವಾದಾಗ ಗುರುತಿಸಿದ ವಿಸ್ತೀರ್ಣ ಸುಮಾರು 518 ಹೆಕ್ಟೇರ್, ಹಳೆಯ ಧಾಮದ ಏಳೆಂಟು ಪಟ್ಟು. ಅಂದರೆ ತಿಟ್ಟಿನ ಬದುಕು ತಿಟ್ಟಿನಲ್ಲೇ ಮುಗಿಯುವುದಿಲ್ಲವೆಂದು ಕಾಗದದ ಮೇಲಾದರೂ ಒಪ್ಪಿದಂತಾಯಿತು. ಕಾಗದದಿಂದ ಕೆಳಗಿಳಿಯಬೇಕಾದರೆ ಹೊಸ ಬೇಲಿ ಬೇಕಿಲ್ಲ. ನಾಲೆಗೆ ನೀರು ಬಿಡುವ ದಿನ, ಭತ್ತಕ್ಕೋ ಕಬ್ಬಿಗೋ ಎಂಬ ತೀರ್ಮಾನ, ಕೆರೆ ತುಂಬಿಸುವ ಸರದಿ, ಇವೆಲ್ಲ ನಿಶ್ಚಯವಾಗುವುದು ನೀರಾವರಿ ಸಲಹಾ ಸಮಿತಿಯ ಸಭೆಗಳಲ್ಲಿ. ಶಾಸಕರು, ಎಂಜಿನಿಯರುಗಳು, ರೈತ ಮುಖಂಡರು ಅಲ್ಲಿ ಅಣೆಕಟ್ಟೆಯ ಮಟ್ಟವನ್ನು ಮುಂದಿಟ್ಟುಕೊಂಡು ವಾದಿಸುತ್ತಾರೆ. ಗೂಡು ಕಟ್ಟುವ ತಿಂಗಳುಗಳ ಪಟ್ಟಿಯೊಂದನ್ನು ಅದೇ ಮೇಜಿನ ಮೇಲೆ ಇಡುವುದು, ಗೇಟು ಎತ್ತುವಾಗ ಹಂತಹಂತವಾಗಿ ಎತ್ತಲು ಆಗುತ್ತದೆಯೇ ಎಂದು ಎಂಜಿನಿಯರನ್ನು ಕೇಳುವುದು, ನೀರು ನಿಲ್ಲಿಸಿ ಭತ್ತ ಬೆಳೆಯುವವನಿಗೆ ಬೆಳ್ಳೂರಿನ ಹುಣಸೆ ಮರಕ್ಕೆ ಕೊಟ್ಟಂತೆ ಒಂದಿಷ್ಟು ಕೊಡಲಾದೀತೇ ಎಂದು ಚರ್ಚಿಸುವುದು, ಇಷ್ಟರಿಂದ ಶುರು ಮಾಡಬಹುದು.