ಎ, ಬಿ, ಸಿ, ಡಿ ಮತ್ತು ಡಾಕ್ಟರ ಲೈಸೆನ್ಸ್

ಸಿಇಟಿ ಬರೆದವರಿಗೆಲ್ಲ ಗೊತ್ತು, ಉತ್ತರ ಬಾರದಿದ್ದರೆ 'ಸಿ'ಗೆ ಶೇಡ್ ಮಾಡು, ಇಲ್ಲವೇ ಎಲ್ಲಕ್ಕಿಂತ ಉದ್ದ ಇರೋದನ್ನು ಆರಿಸು ಅಂತ ಸೀನಿಯರುಗಳು ಹೇಳಿಕೊಡುತ್ತಾರೆ. ನಮಗೆ ಅದರಿಂದ ರ್‍ಯಾಂಕು ಸ್ವಲ್ಪ ಆಚೀಚೆ ಆಗುತ್ತದೆ, ಅಷ್ಟೆ. ಅದೇ ಉಪಾಯದಿಂದ ಒಬ್ಬರು ಡಾಕ್ಟರಾಗಿ ನಮ್ಮ ಅಜ್ಜಿಯ ನಾಡಿ ಹಿಡಿದರೆ? ಅಮೆರಿಕದಲ್ಲಿ ವೈದ್ಯರ ಪರೀಕ್ಷೆ ನಡೆಸುವವರು ದಶಕಗಳ ಕಾಲ ತಲೆ ಕೆಡಿಸಿಕೊಂಡದ್ದು ಈ ವಿಷಯಕ್ಕೇ.

ಅಲ್ಲಿ ನ್ಯಾಷನಲ್ ಬೋರ್ಡ್ ಆಫ್ ಮೆಡಿಕಲ್ ಎಕ್ಸಾಮಿನರ್ಸ್ ಹುಟ್ಟಿದ್ದು 1915ರಲ್ಲಿ. ಮರುವರ್ಷ ನಡೆದ ಮೊದಲ ಪರೀಕ್ಷೆ ಸುಮಾರು ಒಂದು ವಾರದ್ದು! ಪ್ರಬಂಧದಂಥ ಉತ್ತರಗಳು, ಲ್ಯಾಬ್ ಕೆಲಸ, ರೋಗಿಯ ಹಾಸಿಗೆ ಪಕ್ಕದಲ್ಲೇ ಮೌಖಿಕ ಪರೀಕ್ಷೆ. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಕನ್ಸಾಸ್‌ನಲ್ಲಿ ಫ್ರೆಡರಿಕ್ ಕೆಲ್ಲಿ ಎನ್ನುವವರು ಶಾಲಾ ಮಕ್ಕಳ ಓದುವ ಶಕ್ತಿ ಅಳೆಯಲು ಬಹು ಆಯ್ಕೆ ಪ್ರಶ್ನೆಗಳನ್ನು ಬಳಕೆಗೆ ತಂದಿದ್ದರು. ಅದು ವೈದ್ಯರ ಪರೀಕ್ಷೆಗೆ ಬಂದದ್ದು 1950ರ ದಶಕದ ಆರಂಭದಲ್ಲಿ. ಒಂದೇ ಉತ್ತರಕ್ಕೆ ಇಬ್ಬರು ಪರೀಕ್ಷಕರು ಬೇರೆ ಬೇರೆ ಅಂಕ ಕೊಡುವ ರಗಳೆ ಅದರಿಂದ ತಪ್ಪಿತು. 1960ರ ದಶಕದಲ್ಲಿ ಹಾಸಿಗೆ ಪಕ್ಕದ ಪರೀಕ್ಷೆಯನ್ನೂ ಬೋರ್ಡು ಕೈಬಿಟ್ಟಿತು.

ಒಂದು ರಗಳೆ ಹೋಗಿ ಇನ್ನೊಂದು ಬಂತು ನೋಡಿ. ವಿಷಯ ಗೊತ್ತಿಲ್ಲದಿದ್ದರೂ ಪ್ರಶ್ನೆಯ ಆಕಾರ ನೋಡಿಯೇ ಅಂಕ ಗಿಟ್ಟಿಸುವ ಜಾಣತನ! 1965ರಲ್ಲಿ ಮಿಲ್‌ಮನ್, ಬಿಷಪ್, ಎಬೆಲ್ ಎಂಬ ಮೂವರು 'ಟೆಸ್ಟ್ ವೈಸ್‌ನೆಸ್' ಎಂಬ ಹೆಸರಿನಡಿ ಇದನ್ನು ಬಿಡಿಸಿಟ್ಟರು. ಸರಿಯುತ್ತರ ಸಾಮಾನ್ಯವಾಗಿ ಉದ್ದವಾಗಿರುತ್ತದೆ, ಏಕೆಂದರೆ ಪ್ರಶ್ನೆ ಬರೆದವರು ತಕರಾರು ಬರದಂತೆ ಅದಕ್ಕೇ ಹೆಚ್ಚು ವಿವರ ತುಂಬಿರುತ್ತಾರೆ. 'ಯಾವಾಗಲೂ', 'ಎಂದಿಗೂ' ಇದ್ದರೆ ಬಹುಶಃ ತಪ್ಪು. ಆಯ್ಕೆಗಳು 'ಮಾತ್ರೆ, ಬೆಳಿಗ್ಗೆ', 'ಮಾತ್ರೆ, ರಾತ್ರಿ', 'ಇಂಜೆಕ್ಷನ್, ಬೆಳಿಗ್ಗೆ' ಎಂದಿದ್ದರೆ ರೋಗ ಯಾವುದೆಂದು ತಿಳಿಯದೆಯೂ ಮೊದಲನೆಯದನ್ನು ಆರಿಸಬಹುದು. ಉಳಿದೆರಡೂ ಅದರಿಂದಲೇ ಒಂದೊಂದು ತುಂಡು ಎರವಲು ಪಡೆದಿವೆಯಲ್ಲ!

ನನಗೆ ತುಂಬಾ ಮಜಾ ಅನಿಸಿದ್ದು 'ಕೆ-ಟೈಪ್' ಪ್ರಶ್ನೆ. ನಾಲ್ಕು ಹೇಳಿಕೆ ಕೊಡುತ್ತಿದ್ದರು. ಎ ಅಂದರೆ 1, 2, 3 ಸರಿ. ಬಿ ಅಂದರೆ 1, 3. ಸಿ ಅಂದರೆ 2, 4. ಡಿ ಅಂದರೆ 4 ಮಾತ್ರ. ಇ ಅಂದರೆ ಎಲ್ಲವೂ ಸರಿ. ನೋಡಿದರೆ ಹೆದರಿಕೆ ಆಗುತ್ತದೆ. ಈಗ 1ನೇ ಹೇಳಿಕೆ ತಪ್ಪೆಂದು ಮಾತ್ರ ನಿಮಗೆ ಗೊತ್ತು ಅಂದುಕೊಳ್ಳಿ. ಎ, ಬಿ, ಇ ಮೂರೂ ಹೋದವು. ಉಳಿದ ಎರಡರಲ್ಲೂ 4 ಇದೆ, ಹಾಗಾಗಿ ಅದನ್ನು ಓದುವುದೇ ಬೇಡ. ನೋಡಬೇಕಾದ್ದು 2ನೆಯದನ್ನು ಮಾತ್ರ. ಹೇಳಿಕೆಗಳು ನಾಲ್ಕಿದ್ದರೂ ಗೊತ್ತಿರಬೇಕಾದ್ದು ಎರಡೇ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಶುದ್ಧ ಬಗ್ :-)

ಇದರಿಂದ ಪೆಟ್ಟು ಬಿದ್ದದ್ದು ಯಾರಿಗೆ? ವಿದೇಶಿ ವೈದ್ಯರಿಗಾಗಿ ಇಸಿಎಫ್‌ಎಂಜಿ ಪರೀಕ್ಷೆ 1958ರಲ್ಲಿ ಶುರುವಾಯಿತು. ಅಮೆರಿಕದ ವಲಸೆ ಕಾನೂನು 1965ರಲ್ಲಿ ಬದಲಾದ ಮೇಲೆ ನಮ್ಮ ಕಡೆಯ ವೈದ್ಯರೂ ದಂಡಿಯಾಗಿ ಹೊರಟರು. ಪುಟಗಟ್ಟಲೆ ಉತ್ತರ, ಶಾರ್ಟ್ ನೋಟ್ಸ್ ಬರೆದು ಎಂಬಿಬಿಎಸ್ ಪಾಸಾದವರಿಗೆ ಈ ಕೆ-ಟೈಪ್ ಲೆಕ್ಕಾಚಾರ ಎಲ್ಲಿಂದ ಗೊತ್ತಿರಬೇಕು? ಕಾಯಿಲೆ ಗುರುತಿಸಬಲ್ಲವರು ಎಡವುವುದು, ಆಟ ಗೊತ್ತಿದ್ದವರು ದಾಟುವುದು, ಎರಡಕ್ಕೂ ಇಲ್ಲಿ ಅವಕಾಶವಿತ್ತು.

ಬೋರ್ಡು ನಿಧಾನವಾಗಿ ಒಂದೊಂದೇ ತೂತು ಮುಚ್ಚಿತು. ಕೆ-ಟೈಪ್ ಹೋಯಿತು. ಆಯ್ಕೆಗಳನ್ನು ಅಕ್ಷರಾನುಕ್ರಮ ಅಥವಾ ಸಂಖ್ಯೆಯ ಕ್ರಮದಲ್ಲಿ ಜೋಡಿಸುವ ನಿಯಮ ಬಂತು, ಅಲ್ಲಿಗೆ ನಮ್ಮ 'ಸಿ' ಮಂತ್ರ ಸತ್ತಿತು. 1992ರಲ್ಲಿ ಯುಎಸ್‌ಎಂಎಲ್‌ಇ ಶುರುವಾಯಿತು. ರೋಗಿಯ ವಯಸ್ಸು, ನೋವು, ರಕ್ತ ಪರೀಕ್ಷೆ ಎಲ್ಲ ಇರುವ ಪುಟ್ಟ ಕಥೆಯಂಥ ಪ್ರಶ್ನೆಗಳೇ ಮುಖ್ಯವಾದವು. ಪ್ರಶ್ನೆ ಬರೆಯುವವರಿಗೆ ಬೋರ್ಡು ಹಾಕಿದ ಒಂದು ನಿಯಮ: ಆಯ್ಕೆಗಳನ್ನು ಕೈಯಿಂದ ಮುಚ್ಚಿದರೂ ಉತ್ತರ ಹೇಳುವಂತಿರಬೇಕು.

ಇದನ್ನೇ ತಿರುಗಿಸಿದರೆ ಪರೀಕ್ಷೆ ಬರೆಯುವವರಿಗೆ ಇಂದಿಗೂ ಉಳಿದಿರುವ ಒಳ್ಳೆಯ ಉಪಾಯ ಸಿಗುತ್ತದೆ. ಕೊನೆಯ ಸಾಲು ಮೊದಲು ಓದಿ, ಕೇಳಿದ್ದೇನೆಂದು ತಿಳಿದು ಕಥೆಗೆ ಬನ್ನಿ, ಆಯ್ಕೆ ನೋಡುವ ಮುನ್ನವೇ ಉತ್ತರ ಯೋಚಿಸಿ. ಒಂದು ಪ್ರಶ್ನೆಗೆ ಸಿಗುವುದು ಸುಮಾರು 90 ಸೆಕೆಂಡು. 'ಮೊದಲು ಹೊಳೆದದ್ದನ್ನು ಬದಲಿಸಬೇಡ' ಎಂಬ ಮಾತನ್ನಂತೂ ನಂಬಬೇಡಿ. ಬದಲಿಸಿದಾಗ ಸರಿ ತಪ್ಪಾಗುವುದಕ್ಕಿಂತ ತಪ್ಪು ಸರಿಯಾಗುವುದೇ ಹೆಚ್ಚೆಂದು 1920ರ ದಶಕದಿಂದಲೂ ಅಧ್ಯಯನಗಳು ಹೇಳುತ್ತಿವೆ.

ಹೊರದೇಶದಲ್ಲಿ ಓದಿ ಬಂದವರಿಗೆ ನಮ್ಮಲ್ಲಿ ಎಫ್‌ಎಂಜಿಇ ಇದೆ. 300 ಪ್ರಶ್ನೆ, ಪಾಸಾಗಲು 150, ತಪ್ಪಿಗೆ ಅಂಕ ಕಳೆಯುವುದಿಲ್ಲ. ನೂರು ಪ್ರಶ್ನೆಗೆ ಸರಿಯಾಗಿ ಗೊತ್ತಿದ್ದು ಉಳಿದ 200ಕ್ಕೆ ಕಣ್ಣು ಮುಚ್ಚಿ ಗುರುತು ಹಾಕಿದರೆ ಸರಾಸರಿ 50 ಬಂದು 150 ಆಗಬೇಕು. ಆದರೂ ಬಹುಪಾಲು ಸಲ ಅರ್ಧಕ್ಕಿಂತ ಹೆಚ್ಚು ಜನ ಫೇಲ್. ಯಾಕಂತೀರಾ? ಚೆನ್ನಾಗಿ ಬರೆದ ತಪ್ಪು ಆಯ್ಕೆ ಅರೆಬರೆ ತಿಳಿದವರನ್ನೇ ಎಳೆದುಕೊಳ್ಳುತ್ತದೆ. ನಿಜವಾಗಿ ಕಣ್ಣು ಮುಚ್ಚಿ ಗುರುತು ಹಾಕುವವರು ಎಷ್ಟು ಜನ ಇರುತ್ತಾರೆ ಹೇಳಿ!